ಪದ್ಯ ಅವರದು, ಅರ್ಥ ನಿಮ್ಮದು

ಕೇರಳದ ಗಡಿನಾಡು ಕಾಸರಗೋಡಿನ ಬದಿಯಡ್ಕದ ಸಮೀಪದಿಂದ ಓದುಗರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಹೆಸರು ಹಾಕಬಾರದೆಂದು ಕೇಳಿಕೊಂಡಿರುವುದರಿಂದ ಪತ್ರದ ಸಾರವನ್ನಷ್ಟೇ ಇಲ್ಲಿ ಕೊಡುತ್ತೇನೆ. ಆಟಿ ತಿಂಗಳ ಮಳೆಗೆ ಶಾಲೆಗಳಿಗೆ ರಜೆ ಸಾರಿದ ದಿನಗಳಲ್ಲಿ ಅವರು ಎಂಟು ವರ್ಷದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಾವು ಐದನೆಯ ತರಗತಿಯಲ್ಲಿದ್ದಾಗ ನೋಡುತ್ತಿದ್ದ, ಆಶ್ ಎಂಬ ಹುಡುಗ ವಿಚಿತ್ರ ಜೀವಿಗಳನ್ನು ಚೆಂಡಿನೊಳಗೆ ಹಿಡಿದಿಟ್ಟು ಕಾಳಗಕ್ಕೆ ಬಿಡುವ ಪೋಕೆಮಾನ್ ಕಾರ್ಟೂನ್ ಸರಣಿಯನ್ನು ಮೊದಲ ಕಂತಿನಿಂದ ಮತ್ತೆ ನೋಡಿದರು. ಆಗ ಅವರ ಮನೆಯಲ್ಲಿ ಟಿವಿ ಇರಲಿಲ್ಲ. ಪಕ್ಕದ ಮನೆಯ ಚಾವಡಿಯಲ್ಲಿ ಕುಳಿತು ಹಿಂದಿಯಲ್ಲಿ ನೋಡಿದ್ದು. ಕನ್ನಡ, ತುಳು, ಮಲಯಾಳ ಬರುತ್ತಿದ್ದ ಹುಡುಗನಿಗೆ ಹಿಂದಿ ಮಾತ್ರ ಬರುತ್ತಿರಲಿಲ್ಲ. ಈಗ ಪ್ರತಿಯೊಂದು ಮಾತೂ ಅರ್ಥವಾಗುತ್ತದೆ. "ಅರ್ಥವಾದದ್ದೇ ತಡ, ಕಥೆ ಸಪ್ಪೆಯಾಯಿತು. ಅದೇ ಜಗಳ, ಅದೇ ಕಳ್ಳರು, ಅದೇ ಡೈಲಾಗು. ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡದ್ದು ಈ ಟೊಳ್ಳನ್ನೇ ಎಂದು ನಾಚಿಕೆಯಾಯಿತು" ಎಂದು ಬರೆದಿದ್ದಾರೆ. ಜೊತೆಗೆ ಮಗಳು ಕೇಳಿದ ಒಂದು ಪ್ರಶ್ನೆಗೂ ಉತ್ತರ ಬೇಡಿದ್ದಾರೆ: "ಅಪ್ಪಾ, ಇದು ಕೋಳಿ ಅಂಕವಲ್ಲವೇ?" ಸರಣಿಯ ಒಂದು ಕಂತು ನೋಡಿ ಮಕ್ಕಳು ಸತ್ತರೆಂಬ ಮಾತು ನಿಜವೇ ಎಂಬುದು ಕೊನೆಯ ಪ್ರಶ್ನೆ.

ಪ್ರಿಯರೇ,

ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡುತ್ತೇನೆ. ಯಾರೂ ಸಾಯಲಿಲ್ಲ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪ್ರಸಾರವಾದ 38ನೆಯ ಕಂತಿನಲ್ಲಿ ಕೆಂಪು ಮತ್ತು ನೀಲಿ ಬೆಳಕು ಕೆಲವು ಕ್ಷಣ ಬಹಳ ವೇಗವಾಗಿ ಮಿನುಗಿತು. ಅದನ್ನು ನೋಡಿ ಸೆಳವು, ತಲೆಸುತ್ತು, ವಾಂತಿ ಬಂದು ಸುಮಾರು 685 ಮಂದಿಯನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ಹೆಚ್ಚಿನವರು ಬೇಗ ಚೇತರಿಸಿಕೊಂಡರು. ಸರಣಿ ನಾಲ್ಕು ತಿಂಗಳು ನಿಂತು 1998ರ ಏಪ್ರಿಲ್‌ನಲ್ಲಿ ಮತ್ತೆ ಶುರುವಾಯಿತು. ಆ ಕಂತು ಮಾತ್ರ ಮರುಪ್ರಸಾರ ಕಾಣಲೇ ಇಲ್ಲ. ನಿಮ್ಮ ಮಗಳು ಅದನ್ನು ನೋಡಿರುವ ಸಾಧ್ಯತೆಯಿಲ್ಲ. ಆದರೂ ಕರೆಂಟು ಹೋದ ಕತ್ತಲಲ್ಲಿ ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ನೋಡಲು ಬಿಡಬೇಡಿ.

ಈಗ ನಿಮ್ಮ ನಾಚಿಕೆಯ ಮಾತು. ಪತ್ರದ ಮೂರನೆಯ ಪುಟದಲ್ಲಿ ಮಾತಿನ ನಡುವೆ ಸುಮ್ಮನೆ ಹೇಳಿದಂತೆ ನೀವು ಬರೆದ ಒಂದು ವಿಷಯವನ್ನು ನಾನು ಮತ್ತೆ ಮತ್ತೆ ಓದಿದೆ. ಸಂಜೆ ನೋಡಿದ ಕಂತನ್ನು ಮರುದಿನ ಶಾಲೆಯ ಜಗಲಿಯಲ್ಲಿ ಟಿವಿ ಇಲ್ಲದ ಗೆಳೆಯರಿಗೆ ನೀವು ಕನ್ನಡದಲ್ಲಿ ಹೇಳುತ್ತಿದ್ದಿರಿ. ಆಶ್‌ನ ಜೊತೆಗಾರ ಜೀವಿ ಪಿಕಾಚು ಶಾಪಕ್ಕೆ ಸಿಕ್ಕಿದ ಯಕ್ಷ; ಶಾಪ ವಿಮೋಚನೆಯಾಗುವವರೆಗೆ ತನ್ನ ಹೆಸರನ್ನು ಬಿಟ್ಟು ಬೇರೊಂದು ಶಬ್ದ ಆಡುವಂತಿಲ್ಲ; ಚೆಂಡಿನೊಳಗೆ ಹೋದರೆ ಶಾಪ ಇನ್ನೂ ನೂರು ವರ್ಷ ಬೆಳೆಯುತ್ತದೆ, ಆದ್ದರಿಂದಲೇ ಆಶ್‌ನ ಹೆಗಲ ಮೇಲೆ ಕೂರುತ್ತದೆ. ಇದು ನೀವು ಕಟ್ಟಿದ ಕಥೆ. ಹಿಂದಿಯಲ್ಲೂ ಇಲ್ಲ, ಇಂಗ್ಲಿಷಿನಲ್ಲೂ ಇಲ್ಲ, ಜಪಾನಿ ಮೂಲದಲ್ಲೂ ಇಲ್ಲ.

ನಮ್ಮ ಕಡೆಯವರಾಗಿ ಇದಕ್ಕೆ ಏನೆನ್ನುತ್ತಾರೆಂದು ನಿಮಗೆ ಗೊತ್ತಿಲ್ಲವೇ? ನೀವು ಅರ್ಥ ಹೇಳುತ್ತಿದ್ದಿರಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಿಮ್ಮ ಮನೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ವೇಷ, ಕುಣಿತಗಳಿಲ್ಲದ ಯಕ್ಷಗಾನವಾದ ತಾಳಮದ್ದಳೆಯಲ್ಲಿ ಭಾಗವತರು ಹಾಡುವ ಪದ್ಯ ನಾಲ್ಕು ಸಾಲು. ಮದ್ದಳೆ ನಿಂತ ಮೇಲೆ ಆ ನಾಲ್ಕು ಸಾಲಿಗೆ ಅರ್ಥಧಾರಿ ಅರ್ಧ ಗಂಟೆ ಮಾತು ಕಟ್ಟುತ್ತಾನೆ. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿ ಕಣ್ಣೊರೆಸಿಕೊಂಡವರು ನಮ್ಮ ನಿಮ್ಮ ಮನೆಗಳಲ್ಲೇ ಇದ್ದರು. ಅವರಲ್ಲೊಬ್ಬರು ಮರುದಿನ ಆ ಪದ್ಯಗಳಿರುವ ಪ್ರಸಂಗ ಪುಸ್ತಕ ತೆರೆದು, 'ಇದರಲ್ಲಿ ಇಷ್ಟೇ ಇದೆಯಲ್ಲ, ನಿನ್ನೆ ನಾನು ಅತ್ತದ್ದು ಸುಳ್ಳೇ?' ಎಂದು ಕೊರಗಿದರೆ ನೀವು ಏನು ಹೇಳುತ್ತೀರಿ? ಈ ಮಳೆಗಾಲದಲ್ಲಿ ನೀವು ಮಾಡಿದ್ದು ಅದನ್ನೇ. ಪ್ರಸಂಗ ಪುಸ್ತಕ ಓದಿದ್ದೀರಿ. ಪದ್ಯ ತೆಳುವಾಗಿಯೇ ಇರುತ್ತದೆ. ಅದರ ಮೇಲೆ ಹತ್ತು ವರ್ಷದ ಹುಡುಗನೊಬ್ಬ ಕಟ್ಟಿದ ಅರ್ಥವನ್ನು ನೀವು ಪ್ರೀತಿಸಿದ್ದಿರಿ, ಮತ್ತು ಅದು ಟೊಳ್ಳಾಗಿರಲಿಲ್ಲ.

ಮೂಲ ಪದ್ಯವನ್ನೂ ಅಷ್ಟು ಹಗುರವಾಗಿ ತಳ್ಳಿಹಾಕಲು ನಾನು ಒಪ್ಪುವುದಿಲ್ಲ. ನಿಮ್ಮ ಪತ್ರ ಬಂದ ಮೇಲೆ ಮೂರು ವಾರ ರಾತ್ರಿ ಊಟವಾದ ಮೇಲೆ ದಿನಕ್ಕೊಂದು ಕಂತಿನಂತೆ ನಾನೂ ನೋಡಿದೆ. ನೀವು ದಿನಕ್ಕೆ ಏಳೆಂಟು ಕಂತು ನೋಡಿದ್ದಾಗಿ ಬರೆದಿದ್ದೀರಿ. ಅದು ವಾರಕ್ಕೊಂದು ಕಂತಿನ ಲೆಕ್ಕದಲ್ಲಿ ಟಿವಿ ಟೋಕಿಯೋ ವಾಹಿನಿಗಾಗಿ ಮಾಡಿದ ಸರಣಿ. ಟೀಮ್ ರಾಕೆಟ್‌ನ ಇಬ್ಬರು ಕಳ್ಳರು ಪ್ರತಿ ಸಲವೂ ಅದೇ ಮಾತು, ಅದೇ ಭಂಗಿಯಲ್ಲಿ ಪ್ರವೇಶಿಸುತ್ತಾರೆಂದು ನಿಮಗೆ ಬೇಸರವಾಯಿತು. ಅದು ಅವರ ಒಡ್ಡೋಲಗ, ಯಕ್ಷಗಾನದಲ್ಲಿ ಪಾತ್ರಗಳು ತಮ್ಮನ್ನು ಪರಿಚಯಿಸಿಕೊಳ್ಳುವ ಪ್ರವೇಶದಂತೆ. ಈ ವಾರವೇ ಮೊದಲ ಬಾರಿಗೆ ಬಂದು ಕುಳಿತ ಮಗುವಿಗೆ ಇವರು ಯಾರೆಂದು ತಿಳಿಯಬೇಡವೇ? ಒಂದೇ ರಾತ್ರಿಯಲ್ಲಿ ಎಂಟು ಆಟದ ಒಡ್ಡೋಲಗಗಳನ್ನು ಸಾಲಾಗಿ ನೋಡಿದರೆ ಯಾರಿಗಾದರೂ ಸಾಕೆನಿಸುತ್ತದೆ.

ಇನ್ನು ಇದರ ಹುಟ್ಟು. 1996ರ ಫೆಬ್ರವರಿಯಲ್ಲಿ ಜಪಾನಿನಲ್ಲಿ ಗೇಮ್ ಬಾಯ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೆ ಬಂದ ಆಟ ಇದರ ಮೂಲ; ಕಾರ್ಟೂನ್ 1997ರ ಏಪ್ರಿಲ್ 1ರಂದು ಶುರುವಾಯಿತು. ಆಟವನ್ನು ಕಲ್ಪಿಸಿದ ಸತೋಶಿ ತಜಿರಿ ಟೋಕಿಯೋದ ಹೊರವಲಯದ ಮಾಚಿದಾದಲ್ಲಿ ಬೆಳೆದವರು. ಬಾಲ್ಯದಲ್ಲಿ ಕೆರೆ, ಗದ್ದೆ, ಪೊದೆಗಳಲ್ಲಿ ಹುಳು ಹಿಡಿಯುವುದೇ ಅವರ ಗೀಳು. ಗದ್ದೆಗಳು ಮನೆಗಳಾದವು, ಕೆರೆಗಳು ಮುಚ್ಚಿದವು, ಹುಳುಗಳು ಹೋದವು. ಎರಡು ಗೇಮ್ ಬಾಯ್‌ಗಳನ್ನು ಸೇರಿಸುವ ಕೇಬಲನ್ನು ನೋಡಿದಾಗ ಅದರ ಮೇಲೆ ಹುಳುಗಳು ಆಚೆ ಈಚೆ ಹರಿದಾಡುವ ಚಿತ್ರ ಅವರ ಮನಸ್ಸಿಗೆ ಬಂತು. ಅದರಿಂದಲೇ ಆಟವನ್ನು ಎರಡು ಪ್ರತಿಗಳಾಗಿ ಮಾಡಿದರು. ಒಂದರಲ್ಲಿರುವ ಕೆಲವು ಜೀವಿಗಳು ಇನ್ನೊಂದರಲ್ಲಿಲ್ಲ. ಗೆಳೆಯನೊಡನೆ ಕೊಟ್ಟು ತೆಗೆದುಕೊಳ್ಳದೆ ಯಾರೂ ಪೂರ್ತಿ ಸಂಗ್ರಹ ಮಾಡಲಾರರು. ಚಿಪ್ಸ್ ಪೊಟ್ಟಣದೊಳಗೆ ಬರುತ್ತಿದ್ದ ದುಂಡನೆಯ ಬಿಲ್ಲೆಗಳನ್ನು ನೀವು ಜಗಲಿಯಲ್ಲಿ ಅದಲುಬದಲು ಮಾಡಿಕೊಂಡದ್ದು ಆ ಕೇಬಲ್ಲಿನ ಕೆಲಸವನ್ನೇ. ಮೂಲದಲ್ಲಿ ಆಶ್‌ನ ಹೆಸರೂ ಸತೋಶಿಯೇ.

ಕಂಬಳಿಹುಳದ ಕಂತನ್ನು ನೆನಪಿಸಿಕೊಳ್ಳಿ. ಆಶ್ ತಾನಾಗಿ ಹಿಡಿದ ಮೊದಲ ಜೀವಿ ಕ್ಯಾಟರ್‌ಪೀ. ಅದು ಗಟ್ಟಿ ಚಿಪ್ಪಿನ ಮೆಟಾಪಾಡ್ ಆಗಿ, ಚಿಟ್ಟೆ ಬಟರ್‌ಫ್ರೀ ಆಗಿ, 21ನೆಯ ಕಂತಿನಲ್ಲಿ ಸಂಗಾತಿಯನ್ನು ಹುಡುಕಿಕೊಂಡು ಕಡಲು ದಾಟಿ ಹೋಗುತ್ತದೆ. ಹುಡುಗನೇ ಅದನ್ನು ಬೀಳ್ಕೊಡುತ್ತಾನೆ. ಕಾರ್ಟೂನಿನಲ್ಲಿ ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ. ಆದರೆ ಅದರ ಹಿಂದಿರುವ ನೋಟ ಕೀಟಗಳನ್ನು ಹತ್ತಿರದಿಂದ ಕಂಡವನದು. ನಮ್ಮ ಹಿತ್ತಿಲ ಬೇಲಿಯಲ್ಲಿ ಈಶ್ವರಿ ಬಳ್ಳಿಯಿದೆ. ಅದರ ಎಲೆಯಡಿಯಲ್ಲಿ ಕಪ್ಪು ಮೈಯ, ಮೈತುಂಬ ಕೆಂಪು ಮುಳ್ಳಿನಂಥ ಮೆದು ಚಾಚುಗಳಿರುವ ಹುಳ ಮೇಯುತ್ತಿತ್ತು. ಒಂದು ಬೆಳಿಗ್ಗೆ ನೋಡಿದರೆ ದಂಟಿಗೆ ಸೊಂಟದಲ್ಲಿ ಒಂದೇ ನೂಲು ಕಟ್ಟಿಕೊಂಡು, ಒಣಗಿ ಮುರುಟಿದ ಎಲೆಯ ಬಣ್ಣದ ಕೋಶವಾಗಿ ನಿಂತಿತ್ತು. ಮುಟ್ಟಿದಾಗ ಒಳಗಿನಿಂದ ಒಮ್ಮೆ ಅಲುಗಿತು. ಹಿಡಿದಿಡುವ ಆಸೆಯೂ ಬಿಟ್ಟುಕೊಡುವ ನೋವೂ ಒಟ್ಟಿಗೆ ಇರುವ ಮಕ್ಕಳ ಕಥೆಯನ್ನು ಕೋಶದ ಆ ಅಲುಗಾಟ ಕಂಡವರು ಮಾತ್ರ ಬರೆಯಬಲ್ಲರು ಎಂದು ನನಗನ್ನಿಸುತ್ತದೆ. ಮಗಳಿಗೆ ಈಶ್ವರಿ ಬಳ್ಳಿಯನ್ನು ತೋರಿಸಿ. ನಿಮ್ಮ ಬೇಲಿಯಲ್ಲೂ ಇದ್ದೀತು.

ಅವಳ ಪ್ರಶ್ನೆಗೆ ಬರುತ್ತೇನೆ. ಕೋಳಿ ಅಂಕ ಅವಳು ಕಂಡ ವಿಷಯ, ಕೇಳಿದ್ದರಲ್ಲಿ ತಪ್ಪಿಲ್ಲ. ಜೀವವನ್ನು ಹಿಡಿದು, ಮುಚ್ಚಿಟ್ಟು, ಮತ್ತೊಂದು ಜೀವದ ಎದುರು ಬಿಡುವುದರಲ್ಲಿ ಎರಡಕ್ಕೂ ಹೋಲಿಕೆಯಿದೆ. ಇಲ್ಲವೆಂದು ಅವಳಿಗೆ ಹೇಳಬೇಡಿ. ಅಂಕದಲ್ಲಿ ಕಾಲಿಗೆ ಬಾಳು ಎಂಬ ಸಣ್ಣ ಚೂರಿ ಕಟ್ಟುತ್ತಾರೆ, ಸೋತ ಕೋಳಿ ಗೆದ್ದವನ ಪಾಲಾಗುತ್ತದೆ. ಕಾರ್ಟೂನಿನಲ್ಲಿ ಬಿದ್ದ ಜೀವಿಯನ್ನು ಎತ್ತಿಕೊಂಡು ಚಿಕಿತ್ಸೆಗೆ ಓಡುತ್ತಾರೆ. ಈ ವ್ಯತ್ಯಾಸವನ್ನು ಹೇಳಿದರೂ ಅವಳ ಪ್ರಶ್ನೆ ಪೂರ್ತಿ ತೀರುವುದಿಲ್ಲ, ತೀರಬೇಕಾಗಿಯೂ ಇಲ್ಲ. ಆದರೆ ಈ ಪ್ರಶ್ನೆಯನ್ನು ಸರಣಿಯೇ ಮೊದಲ ದಿನದಿಂದ ಕೇಳಿಕೊಂಡಿದೆ ಎಂಬುದನ್ನು ಅವಳಿಗೆ ತೋರಿಸಬಹುದು. ಮೊದಲ ಕಂತಿನಲ್ಲಿ ಪಿಕಾಚು ಚೆಂಡಿನೊಳಗೆ ಹೋಗಲು ಒಪ್ಪುವುದಿಲ್ಲ, ಹುಡುಗನ ಮಾತು ಕೇಳುವುದಿಲ್ಲ. ಆಶ್ ತಪ್ಪು ಹಕ್ಕಿಗೆ ಕಲ್ಲೆಸೆದು ಸ್ಪಿಯರೋ ಹಕ್ಕಿಗಳ ಹಿಂಡು ಮೇಲೆರಗಿದಾಗ, ಜಡಿಮಳೆಯಲ್ಲಿ ಗಾಯಗೊಂಡ ಪಿಕಾಚುವಿನ ಮುಂದೆ ತಾನೇ ಕೈಚಾಚಿ ಅಡ್ಡ ನಿಲ್ಲುತ್ತಾನೆ. ಆಗಲಷ್ಟೇ ಅದು ಅವನದಾಗುತ್ತದೆ. ಮುಂದೆ ದೊಡ್ಡ ಪಂದ್ಯದಲ್ಲಿ ಅವನ ಚಾರಿಜಾರ್ಡ್ ಎಂಬ ಜೀವಿ ಹೋರಾಡಲು ಒಲ್ಲದೆ ಕಣದಲ್ಲೇ ಮಲಗಿಬಿಡುತ್ತದೆ, ಹುಡುಗ ಸೋಲುತ್ತಾನೆ. ಕೋಳಿಗೆ ಈ ಒಲ್ಲೆನೆನ್ನುವ ಹಕ್ಕು ಇಲ್ಲ. ಅವಳೊಡನೆ ಮಾತನಾಡುವುದಾದರೆ ನಾನು ಇಲ್ಲಿಂದ ಶುರು ಮಾಡುತ್ತೇನೆ.

ಭಾಷೆಯ ವಿಷಯದಲ್ಲಿ ನನಗೆ ನಿಮಗಿಂತ ಹೆಚ್ಚು ಸಂಕಟವಿದೆ. ಕನ್ನಡದಲ್ಲಿ ಡಬ್ಬಿಂಗ್ ಬೇಡವೆಂಬ ಹಠ 1960ರ ದಶಕದಿಂದ ನಡೆದುಬಂತು. ಅದನ್ನು ಹಿಡಿದವರ ಕಾಳಜಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಅದರ ಬೆಲೆ ತೆತ್ತವರಲ್ಲಿ ಮಕ್ಕಳೂ ಇದ್ದರು. ಮಕ್ಕಳಿಗೆಂದೇ ಚಿಂಟು ಟಿವಿ ಕನ್ನಡದಲ್ಲಿ ಬಂದದ್ದು 2009ರಲ್ಲಿ, ನಿಮ್ಮ ಬಾಲ್ಯ ಕಳೆದ ಮೇಲೆ. ಪಕ್ಕದ ಮನೆಯ ಚಾವಡಿಯಲ್ಲಿ ನಿಮಗೆ ಕನ್ನಡ ಸಿಗಲಿಲ್ಲ. ಸಿಕ್ಕ ಹಿಂದಿಯೂ ಜಪಾನಿನಿಂದ ನೇರವಾಗಿ ಬಂದದ್ದಲ್ಲ, ಅಮೆರಿಕದವರ ಇಂಗ್ಲಿಷನ್ನು ದಾಟಿ ಬಂದದ್ದು. ದಾಟುವಾಗ ಏನಾಯಿತೆಂಬುದಕ್ಕೆ ಒಂದು ದೃಶ್ಯ ಸಾಕು. ಆಶ್‌ನ ಗೆಳೆಯ ಬ್ರಾಕ್ ದಾರಿಯ ಬದಿಯಲ್ಲಿ ಬುತ್ತಿ ಬಿಚ್ಚುತ್ತಾನೆ. ಕೈಯಲ್ಲಿರುವುದು ಮೂರು ಮೂಲೆಯಾಗಿ ಅದುಮಿದ ಬಿಳಿ ಅನ್ನದ ಉಂಡೆ, ಬುಡದಲ್ಲಿ ಕಡಲಪಾಚಿಯ ಕಪ್ಪು ಪಟ್ಟಿ. ಇಂಗ್ಲಿಷಿನಲ್ಲಿ ಅವನು ಅದನ್ನು ಜಾಮ್ ತುಂಬಿದ ಡೋನಟ್ ಎನ್ನುತ್ತಾನೆ. ಅನ್ನದ ಉಂಡೆ ಅಮೆರಿಕದ ಮಕ್ಕಳಿಗೆ ತಿಳಿಯದೆಂದು ಅದನ್ನು ಬದಲಿಸಿದರು. ಮೂರು ಹೊತ್ತು ಅನ್ನ ಉಣ್ಣುವ, ಅಜ್ಜಿಯ ಕೈತುತ್ತು ತಿಂದು ಬೆಳೆದ ಕಾಸರಗೋಡಿನ ಮಗುವಿಗೆ ಅದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಜಪಾನಿನಿಂದ ಕನ್ನಡಕ್ಕೆ ನೇರ ದಾರಿಯಿದ್ದಿದ್ದರೆ ಅನ್ನ ಅನ್ನವಾಗಿಯೇ ತಲುಪುತ್ತಿತ್ತು. ಪಿಕಾಚು ಮಾತ್ರ ಬದಲಾಗದೆ ಉಳಿಯಿತು. ಜಪಾನಿನ ಇಕುಯೆ ಒತಾನಿಯವರ ದನಿಯನ್ನೇ ಇಂಗ್ಲಿಷಿನವರೂ ಇಟ್ಟುಕೊಂಡರು.

ಮರಳಿ ನೋಡಿದ್ದರಿಂದ ಕಳೆದುಕೊಂಡದ್ದನ್ನೇ ನೀವು ಎಣಿಸಿದ್ದೀರಿ. ನಾನು ಗಳಿಸಿದ್ದೊಂದನ್ನು ಹೇಳುತ್ತೇನೆ. ಟೀಮ್ ರಾಕೆಟ್‌ನ ಮಿಯಾವ್ತ್ ಎಂಬ ಬೆಕ್ಕು ಮನುಷ್ಯರ ಭಾಷೆ ಆಡುತ್ತದೆಯಲ್ಲ, ಅದು ಹೇಗೆ ಕಲಿಯಿತೆಂಬುದಕ್ಕೆ ಒಂದು ಪೂರ್ತಿ ಕಂತೇ ಇದೆ. ಬೀದಿಯಲ್ಲಿ ಹಸಿದು ಅಲೆಯುತ್ತಿದ್ದ ಅದು ಸಿರಿವಂತರ ಮನೆಯ ಹೆಣ್ಣು ಬೆಕ್ಕೊಂದನ್ನು ಮೆಚ್ಚುತ್ತದೆ. ಆ ಬೆಕ್ಕಿಗೆ ಮನುಷ್ಯರೇ ಇಷ್ಟವೆಂದು ತಿಳಿದು ಎರಡು ಕಾಲಿನಲ್ಲಿ ನಡೆಯಲು ಕಲಿಯುತ್ತದೆ, ಬಿದ್ದು ಎದ್ದು ಒಂದೊಂದೇ ಶಬ್ದ ಕಲಿಯುತ್ತದೆ. ಎಲ್ಲ ಕಲಿತು ಎದುರು ನಿಂತಾಗ, ಮಾತಾಡುವ ಬೆಕ್ಕು ವಿಕಾರವೆಂದು ಅವಳು ದೂರ ಸರಿಯುತ್ತಾಳೆ. ಅತ್ತ ಮನುಷ್ಯನೂ ಅಲ್ಲ, ಇತ್ತ ತನ್ನ ಕುಲದವರಿಗೂ ಬೇಡ. ಭಾಷೆಗಾಗಿ ಶಕ್ತಿಯನ್ನೆಲ್ಲ ಸುರಿದದ್ದರಿಂದ ತನ್ನ ಜಾತಿಯ ಬೆಕ್ಕುಗಳಿಗೆ ಒಲಿಯುವ ವಿದ್ಯೆಯೂ ಅದಕ್ಕೆ ಒಲಿಯಲಿಲ್ಲ. ಹತ್ತು ವರ್ಷದಲ್ಲಿ ಹಿಂದಿ ಬಾರದೆ ನೀವು ಇದನ್ನು ನೋಡಿದ್ದರೆ ಬೆಕ್ಕು ಎದ್ದುಬಿದ್ದು ನಡೆಯುವುದಕ್ಕೆ ನಕ್ಕಿರುತ್ತೀರಿ. ಈಗ, ಮನೆಯಲ್ಲೊಂದು, ಶಾಲೆಯಲ್ಲೊಂದು, ಅರ್ಜಿ ನಮೂನೆಯಲ್ಲಿ ಮತ್ತೊಂದು ಭಾಷೆ ಬಳಸಿ ಬದುಕಿದ ನಮ್ಮ ಗಡಿಯವರಲ್ಲಿ ಒಬ್ಬರಾಗಿ ಇನ್ನೊಮ್ಮೆ ನೋಡಿ. ನನಗೆ ಆ ರಾತ್ರಿ ಬೇಗ ನಿದ್ರೆ ಬರಲಿಲ್ಲ.

ಒಂದು ಕೋರಿಕೆಯಿದೆ. ಇನ್ನು ಮುಂದೆ ವಾರಕ್ಕೆ ಒಂದೇ ಕಂತು ನೋಡಿ, ಮತ್ತು ಶಬ್ದ ನಿಲ್ಲಿಸಿ ನೋಡಿ. ಅರ್ಥ ಹೇಳುವ ಕೆಲಸ ಮಗಳದಾಗಲಿ. ಅವಳು ತಪ್ಪಿದಲ್ಲಿ ತಿದ್ದಬೇಡಿ. ನೀವಂತೂ ಶಾಪಗ್ರಸ್ತ ಯಕ್ಷ ಪಿಕಾಚುವಿನ ಕಥೆಯನ್ನು ಅಂದು ಜಗಲಿಯಲ್ಲಿ ಹೇಳಿದ ಕ್ರಮದಲ್ಲೇ ಬರೆದು ಕಳುಹಿಸಿ. ಮುಂದಿನ ಸಂಚಿಕೆಯ ಮಕ್ಕಳ ವಿಭಾಗದಲ್ಲಿ ಎರಡು ಪುಟ ಬಿಟ್ಟಿದ್ದೇನೆ. ಈ ತಿಂಗಳ 20ರೊಳಗೆ ತಲುಪಿದರೆ ಚಿತ್ರ ಬರೆಯುವವರಿಗೂ ಸಮಯ ಸಿಗುತ್ತದೆ.

– ಸಂಪಾದಕ