ಹೂಳನ್ನು ಅಳೆದದ್ದು ಹೇಗೆ ಎಂಬುದನ್ನೂ ಬರೆಯಿರಿ

ಮಾನ್ಯರೆ,

ತುಂಗಭದ್ರಾ ಜಲಾಶಯದ ಹೂಳಿನ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡುವ ಮನಸ್ಸೂ ನನಗಿಲ್ಲ, ಏಕೆಂದರೆ ಕಾಲುವೆಯ ಕೊನೆಯಂಚಿನ ರೈತರು ನೀರಿಗಾಗಿ ರಾತ್ರಿಯಿಡೀ ಕಾಯುವ ಭಾಗವನ್ನು ಕಣ್ಣಾರೆ ಕಂಡವರಷ್ಟೇ ಹಾಗೆ ಬರೆಯಬಲ್ಲರು.

ನನ್ನ ಮುಖ್ಯ ತಕರಾರು ನಿಮ್ಮ ತೀರ್ಮಾನದ ಬಗ್ಗೆ. ಮೊದಲು ಸುಮಾರು 133 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಇದ್ದ ಸಾಮರ್ಥ್ಯ 2008ರ ಸಮೀಕ್ಷೆಯಲ್ಲಿ 100.855ಕ್ಕೆ ಇಳಿದು, 2016ರಲ್ಲಿ 105.788 ಆಯಿತೆಂದು ಹೇಳಿ, ಹೂಳು ತಾನಾಗಿಯೇ ಕೊಚ್ಚಿಹೋಗುತ್ತಿದೆ ಎಂದಿದ್ದೀರಿ. ಅಂಕಿಗಳು ಸರಿ; ಅವುಗಳಿಂದ ಈ ಮಾತು ಹೊರಡುವುದಿಲ್ಲ. ಅಳೆಯುವ ವಿಧಾನ ಬದಲಾದರೆ ಅಂಕಿಯೂ ಬದಲಾಗುತ್ತದೆ. ಸುಮಾರು 378 ಚದರ ಕಿಲೋಮೀಟರ್ ಹರಡಿರುವ ಜಲಾಶಯದ ತಳದ ಮಟ್ಟದಲ್ಲಿ ಎಲ್ಲೆಡೆ ಹತ್ತು ಸೆಂಟಿಮೀಟರ್ ತಪ್ಪಿದರೂ ಲೆಕ್ಕದಲ್ಲಿ 1.3 ಟಿಎಂಸಿ ಹೆಚ್ಚುಕಮ್ಮಿಯಾಗುತ್ತದೆ.

‘ಸಿಬ್ಬಂದಿ ನೀರಿನ ಮಾದರಿ ತೆಗೆದರು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಲ್ಲ, ಲೇಖನದ ಜೀವ ಇರುವುದೇ ಅಲ್ಲಿ. ಪ್ರವಾಹದ ದಿನ ಸೇತುವೆಯ ಮೇಲಿಂದ, ಮೂತಿ ಹರಿವಿಗೆ ಎದುರಾಗಿರುವ ಬಾಟಲಿಯನ್ನು ಒಂದೇ ವೇಗದಲ್ಲಿ ತಳದವರೆಗೆ ಇಳಿಸಿ ಅದೇ ವೇಗದಲ್ಲಿ ಮೇಲೆತ್ತುತ್ತಾರೆ. ಮೇಲ್ಪದರದ ನೀರನ್ನಷ್ಟೇ ಬಿಂದಿಗೆಯಲ್ಲಿ ಮೊಗೆದರೆ, ಕೆಳಗೆ ದಟ್ಟವಾಗಿರುವ ಮರಳಿನ ಪಾಲು ತಪ್ಪಿಹೋಗುತ್ತದೆ. ಆ ನೀರನ್ನು ಸೋಸಿ, ಸೋಸುಕಾಗದವನ್ನು ಒಣಗಿಸಿ ತೂಗಿದಾಗ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕ ಸಿಗುತ್ತದೆ. ಇಷ್ಟಾದರೂ ತಳದಲ್ಲಿ ಉರುಳುತ್ತಾ ಸಾಗುವ ದಪ್ಪ ಮರಳು, ಬೆಣಚುಕಲ್ಲು ಬಾಟಲಿಗೆ ಬರುವುದೇ ಇಲ್ಲ. ಅದಕ್ಕೆ ತಳದಲ್ಲಿ ಕೂರುವ ಬೇರೆ ಬಲೆಯೇ ಬೇಕು. ವರ್ಷದ ಹೂಳಿನ ಬಹುಪಾಲು ಕೆಲವೇ ಪ್ರವಾಹದ ದಿನಗಳಲ್ಲಿ ಸಾಗುವುದರಿಂದ, ತಿಳಿನೀರಿನ ದಿನ ತೆಗೆದ ಮಾದರಿಯನ್ನು 365ರಿಂದ ಗುಣಿಸಿರುವ ನಿಮ್ಮ ಲೆಕ್ಕವನ್ನು ಪೂರ್ತಿ ತೆಗೆದುಹಾಕಬೇಕು. ಹರಿವಿನ ಪ್ರಮಾಣ ಒಂದೇ ಇದ್ದರೂ ಪ್ರವಾಹ ಏರುವಾಗಿನ ನೀರು ಇಳಿಯುವಾಗಿನದಕ್ಕಿಂತ ಹೆಚ್ಚು ಕೆಸರಾಗಿರುವುದುಂಟು. ಮಾದರಿ ತೆಗೆದ ಗಂಟೆಯನ್ನೂ ನಮೂದಿಸಿ.

ಕೋಸಿ ನದಿಯ ಪ್ಯಾರಾ ಬೇಡ. 2008ರಲ್ಲಿ ನೇಪಾಳದ ಕುಸಹಾದಲ್ಲಿ ಒಡ್ಡು ಒಡೆದು ಆ ನದಿ ಹಳೆಯ ಪಾತ್ರಗಳತ್ತ ನುಗ್ಗಿದ್ದು ಬೇರೆಯೇ ಲೇಖನದ ವಸ್ತು. ಅದರ ಬದಲು ಅಣೆಕಟ್ಟಿನ ಕೆಳಗೆ ನೋಡಿ: ಹೂಳನ್ನು ಮೇಲೆಯೇ ಬಿಟ್ಟು ಬರುವ ನೀರು ತನ್ನ ತಳವನ್ನೂ ದಡವನ್ನೂ ಕೊರೆಯಬಲ್ಲದು. ನದಿಯ ಒಂದೇ ಅಡ್ಡಗೆರೆಯಲ್ಲಿ ಮಳೆಗಾಲದ ಮೊದಲೂ ಆಮೇಲೂ ಆಳ ಅಳೆದರೆ ಪಾತ್ರ ಎಷ್ಟು ಬದಲಾಗಿದೆ ಎಂಬುದು ಕಾಣುತ್ತದೆ.

ಮುಂದಿನ ಮಳೆಗಾಲದಲ್ಲಿ ಅಳತೆಯವರೊಂದಿಗೆ ಒಂದು ದಿನ ಸೇತುವೆಯ ಮೇಲೆ ನಿಂತು ಬಂದು, ಕಂಡದ್ದನ್ನು ಸೇರಿಸಿ ಲೇಖನ ಕಳಿಸಿ. ಅಲ್ಲಿಯವರೆಗೆ ನಿಮಗಾಗಿ ಪುಟ ಕಾದಿರಿಸಿರುತ್ತೇನೆ.

ಇಂತಿ,
ಸಂಪಾದಕ