ಹೊಸ ಪಡೆ ಬಂದಾಗ ನಮ್ಮ ಠಾಣೆ ಯಾಕೆ ಖಾಲಿಯಾಗುತ್ತದೆ?

ಮೈಸೂರಿನಲ್ಲಿ ಡ್ರಗ್ಸ್‌ಗೆ ಒಂದು ತಂಡ, ಸೈಬರ್‌ಗೆ ಸೆನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ) ಠಾಣೆ, ಹೆಣ್ಣುಮಕ್ಕಳ ರಕ್ಷಣೆಗೆ ಚಾಮುಂಡಿ ಪಡೆ, ಇಷ್ಟೆಲ್ಲ ಮಾಡಿದ್ದರೂ ನಮ್ಮ ಏರಿಯಾ ಠಾಣೆಯಲ್ಲಿ ದೂರು ಬರೆದುಕೊಳ್ಳಲೂ ಜನ ಇರುವುದಿಲ್ಲ, ಯಾಕೆ ಅಂತ ಕೇಳಿದ್ದೀರಿ. ನಾನು ಇದೇ ಊರಿನಲ್ಲಿ ಕೆಲಸ ಮಾಡಿ ಎಎಸ್‌ಐ ಆಗಿ ನಿವೃತ್ತನಾದವನು. ಠಾಣೆಯ ಬರವಣಿಗೆ ನೋಡುವ ರೈಟರ್ ಆಗಿ ಯಾರಿಗೆ ಯಾವ ಡ್ಯೂಟಿ ಅಂತ ಹಾಕಿದ್ದೇನೆ. ಗೊತ್ತಿರುವಷ್ಟು ಹೇಳುತ್ತೇನೆ.

ಹೊಸ ಪಡೆ ಅಂದರೆ ಹೊಸಬರ ನೇಮಕ ಅಂತ ಜನ ಅಂದುಕೊಳ್ಳುತ್ತಾರೆ. ಬಹಳ ಸಲ ಹಾಗಲ್ಲ. ಹೊಸ ಹುದ್ದೆಗೆ ಸರ್ಕಾರದ ಮಂಜೂರಾತಿ ಬೇಕು, ಹಣಕಾಸು ಇಲಾಖೆ ಒಪ್ಪಬೇಕು. ಅದು ಬರುವಾಗ ಬರುತ್ತದೆ. ತಂಡ ಮಾತ್ರ ನಾಳೆಯೇ ಬೇಕು. ಆಗ ಮೇಲಿನಿಂದ ಮೆಮೊ ಬರುತ್ತದೆ, ಠಾಣೆಗೆ ಇಬ್ಬರಂತೆ ಕಳಿಸಿ ಅಂತ. ಇದೇ ಒಒಡಿ, ಅಂದರೆ ಅನ್ಯ ಕರ್ತವ್ಯ. ಹೋದವನ ಹೆಸರು ಠಾಣೆಯ ಪುಸ್ತಕದಲ್ಲಿ ಹಾಗೇ ಇರುತ್ತದೆ. ಹೆಸರಿನ ಮುಂದೆ ಒಒಡಿ ಅಂತ ಬರೆದಿರುತ್ತೇವೆ, ಅಷ್ಟೇ. ಕಾಗದದಲ್ಲಿ ಹುದ್ದೆ ಭರ್ತಿ. ಬೇರೆಯವರನ್ನು ಕೊಡಿ ಅಂತ ಕೇಳಿದರೆ, ನಿಮ್ಮಲ್ಲಿ ಖಾಲಿಯೇ ಇಲ್ಲವಲ್ಲ ಅನ್ನುತ್ತಾರೆ.

ಕೇಳುವುದೂ ಕೆಲಸ ಬಲ್ಲವನನ್ನೇ. ಬೀಟ್‌ನಲ್ಲಿ, ಅಂದರೆ ಗಸ್ತು ತಿರುಗುವ ಏರಿಯಾದಲ್ಲಿ, ಯಾವ ಮನೆಗೆ ಯಾರು ಬಾಡಿಗೆಗೆ ಬಂದರು, ಯಾವ ಶೆಡ್ಡಿಗೆ ರಾತ್ರಿ ಹೊತ್ತು ಗಾಡಿ ಬರುತ್ತದೆ ಅಂತ ಗೊತ್ತಿರುವವನು ಅವನು. 2025ರ ಜುಲೈನಲ್ಲಿ ಮುಂಬೈ ಪೊಲೀಸರು ಇಲ್ಲಿಗೇ ಬಂದು, ರಿಂಗ್ ರೋಡ್ ಹತ್ತಿರ ಎಂಡಿಎಂಎ ಅನ್ನುವ ಡ್ರಗ್ಸ್ ತಯಾರಿಸುತ್ತಿದ್ದ ಜಾಗದ ಮೇಲೆ ದಾಳಿ ಮಾಡಿದ್ದು ನೆನಪಿದೆಯಲ್ವಾ? ಅಂಥದ್ದರ ಸುಳಿವು ಮೊದಲು ಸಿಗುವುದು ಬೀಟ್‌ನಲ್ಲಿ ಓಡಾಡುವ ಪೇದೆಗೆ, ಟೀ ಅಂಗಡಿಯವನ ಬಾಯಿಂದ. ಅವನನ್ನೇ ತೆಗೆದು ಡ್ರಗ್ಸ್ ತಂಡಕ್ಕೆ ಹಾಕಿದರೆ ಆ ತಂಡಕ್ಕೆ ಮಾಹಿತಿ ಕೊಡುವವರು ಯಾರು?

ಸೈಬರ್ ಕಥೆಯೇ ಬೇರೆ. ಅಲ್ಲಿ ಪೇದೆಗಳನ್ನು ತುಂಬಿದರೆ ಸಾಲದು. ಐಟಿ ಕಾಯ್ದೆಯ 78ನೇ ಸೆಕ್ಷನ್ ಪ್ರಕಾರ ಆ ಕಾಯ್ದೆಯ ಕೇಸುಗಳನ್ನು ಇನ್‌ಸ್ಪೆಕ್ಟರ್‌ಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಪಿಎಸ್‌ಐ ಎಷ್ಟೇ ಚುರುಕಾಗಿದ್ದರೂ ತನಿಖಾಧಿಕಾರಿ ಆಗಲು ಬರುವುದಿಲ್ಲ. ದುಡ್ಡು ಹೋದ ಕೂಡಲೇ ನೀವು ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿದರೆ ದುಡ್ಡನ್ನು ಬ್ಯಾಂಕಿನಲ್ಲೇ ತಡೆಹಿಡಿಯಬಹುದು. ಆಮೇಲಿನದು ನಿಧಾನದ ಕೆಲಸ. ಬ್ಯಾಂಕಿಗೆ ಪತ್ರ, ಮೊಬೈಲ್ ಕಂಪನಿಗೆ ಪತ್ರ, ಖಾತೆ ಇನ್ನೊಂದು ರಾಜ್ಯದ್ದಾದರೆ ಅಲ್ಲಿಗೆ ಓಡಾಟ. ಇದನ್ನು ಕಲಿತ ಹುಡುಗನನ್ನು ದಸರಾ ಬಂದೋಬಸ್ತ್‌ಗೆ ನಿಲ್ಲಿಸಿದರೆ ಬ್ಯಾಂಕಿನ ಉತ್ತರ ಬಂದು ಮೇಲ್‌ನಲ್ಲಿ ಸುಮ್ನೆ ಬಿದ್ದಿರುತ್ತದೆ. ಎರಡು ವರ್ಷಕ್ಕೆ ವರ್ಗ ಮಾಡಿದರೆ ಕಲಿತದ್ದೆಲ್ಲ ಅವನ ಜೊತೆಗೇ ಹೋಯಿತು. ನನಗೆ ಜಾಸ್ತಿ ಹೊಟ್ಟೆ ಉರಿಯುವುದು ಇದಕ್ಕೇ.

ಇದರ ಮೇಲೆ 545 ಪಿಎಸ್‌ಐ ಹುದ್ದೆಗಳ ನೇಮಕಾತಿ ಪರೀಕ್ಷೆಯ ಹಗರಣ. 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ಆಯಿತು, 2022ರ ಏಪ್ರಿಲ್‌ನಲ್ಲಿ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಅಷ್ಟು ದಿನ ಆ ಕುರ್ಚಿಗಳ ಕೆಲಸ ಹೊತ್ತವರು ಇದ್ದ ಪಿಎಸ್‌ಐಗಳು ಮತ್ತು ನಮ್ಮಂಥ ಎಎಸ್‌ಐಗಳು.

ವಿಶೇಷ ಪಡೆಗಳು ಬೇಡ ಅನ್ನುತ್ತಿಲ್ಲ. ಬೇಕೇ ಬೇಕು. 2025ರಲ್ಲಿ ಮಂಗಳೂರಿನಲ್ಲಿ ವಿಶೇಷ ಕಾರ್ಯಪಡೆ ಕಟ್ಟಿದಾಗ ನಕ್ಸಲ್ ನಿಗ್ರಹ ಪಡೆಯವರನ್ನು ಬಳಸಿಕೊಂಡರು. ಕೆಲಸ ಕಡಿಮೆಯಾದ ಕಡೆಯಿಂದ ಕೆಲಸ ಇರುವ ಕಡೆಗೆ ಕಳಿಸಿದರು, ಅದು ಸರಿ. ಇಲ್ಲೂ ಪಡೆಯ ಆದೇಶದ ಜೊತೆಗೇ ಹುದ್ದೆಗಳೂ ಬರಲಿ. ಒಒಡಿಗೆ ಕೊನೆಯ ದಿನಾಂಕ ಇರಲಿ. ಕಳಿಸಿದ ಠಾಣೆಗೆ ಬದಲಿ ಕೊಡಲಿ.

ನಿಮ್ಮ ಠಾಣೆಯ ಸ್ಥಿತಿ ತಿಳಿಯಬೇಕಾದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು ಅಂತ ಮಾತ್ರ ಕೇಳಿದರೆ ಠಾಣೆ ತುಂಬಿದೆ ಅನ್ನುವ ಉತ್ತರವೇ ಬರಬಹುದು. ಒಒಡಿ ಮೇಲೆ ಹೊರಗಿರುವವರು ಎಷ್ಟು, ಯಾವಾಗಿನಿಂದ ಅಂತಲೂ ಸೇರಿಸಿ ಕೇಳಿ.