ಇಂಟರ್ನೆಟ್ ಫೋನ್ ಅಡಾಪ್ಟರ್ ಹಾಕಿದ್ದೇನೆ. ರಿಂಗ್ ಆಗುತ್ತದೆ, ಆದರೆ ಅವರ ದನಿ ನನಗೆ ಕೇಳಲ್ಲ. ಯಾಕೆ?

ಅಡಾಪ್ಟರ್ ಕೆಟ್ಟಿರಲಿಕ್ಕಿಲ್ಲ. ಹೆಚ್ಚಾಗಿ ಇದು ರೂಟರ್‌ನ ಕಿತಾಪತಿ. ರೂಟರ್ ಸೆಟ್ಟಿಂಗ್‌ನಲ್ಲಿ 'ಸಿಪ್ ಎಎಲ್‌ಜಿ' (SIP ALG, ಇಂಟರ್ನೆಟ್ ಕರೆಗಳಲ್ಲಿನ ವಿಳಾಸ ತಿದ್ದುವ ಸೌಲಭ್ಯ) ಆಫ್ ಮಾಡಿ, ಎರಡನ್ನೂ ರೀಸ್ಟಾರ್ಟ್ ಮಾಡಿ ನೋಡಿ.

ಕರೆ ಜೋಡಿಸುವ ದಾರಿಯೇ ಬೇರೆ, ದನಿ ಬರುವ ದಾರಿಯೇ ಬೇರೆ. ಅದಕ್ಕೇ ರಿಂಗ್ ಆದರೂ ಮಾತು ಕೇಳುವುದಿಲ್ಲ. ದನಿಯನ್ನು ಎಲ್ಲಿಗೆ ಕಳಿಸಬೇಕು ಅಂತ ಅಡಾಪ್ಟರ್ ತನ್ನ ವಿಳಾಸ ಹೇಳುತ್ತದೆ. ಆದರೆ ಅದಕ್ಕೆ ಗೊತ್ತಿರುವುದು ಮನೆಯೊಳಗಿನ ವಿಳಾಸ ಮಾತ್ರ, ಸಾಮಾನ್ಯವಾಗಿ 192.168 ಅಂತ ಶುರುವಾಗುವಂಥದ್ದು. ದಾವಣಗೆರೆ, ಪಿ.ಜೆ. ಬಡಾವಣೆ ಅಂತೆಲ್ಲ ಬರೆಯದೆ ಸುಮ್ನೆ 'ನಡುಮನೆ' ಅಂತ ಬರೆದರೆ ಕಾಗದ ಬರುತ್ತಾ? ಈ ವಿಳಾಸ ತಿದ್ದಲೆಂದೇ ಸಿಪ್ ಎಎಲ್‌ಜಿ ಇರುವುದು. ಎಷ್ಟೋ ರೂಟರ್‌ಗಳಲ್ಲಿ ಅದು ತಪ್ಪು ತಪ್ಪಾಗಿ ತಿದ್ದುತ್ತದೆ!

ಆಮೇಲೂ ಕೇಳದಿದ್ದರೆ ಅಡಾಪ್ಟರ್‌ನಲ್ಲಿ 'ಸ್ಟನ್' (STUN) ಆನ್ ಮಾಡಿ. ಆಗ ಹೊರಗಿನ ವಿಳಾಸ ಯಾವುದೆಂದು ಅದು ತಾನೇ ಕೇಳಿ ತಿಳಿದುಕೊಳ್ಳುತ್ತದೆ. ಫೈಬರ್ ಡಬ್ಬಿಯ ಜೊತೆ ನಿಮ್ಮದೇ ಇನ್ನೊಂದು ರೂಟರ್ ಇದ್ದರೆ ವಿಳಾಸ ಎರಡು ಸಲ ಬದಲಾಗುತ್ತದೆ, ತಲೆನೋವು ಜಾಸ್ತಿ. ಡಬ್ಬಿಯನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಸಿ, ಆಗ ಅದು ವಿಳಾಸ ಬದಲಿಸದೆ ಸುಮ್ಮನೆ ದಾಟಿಸುತ್ತದೆ.

ಅಂದಹಾಗೆ, ಹಳೇ ಲ್ಯಾಂಡ್‌ಲೈನ್‌ಗೆ ಎಕ್ಸ್‌ಚೇಂಜಿನಿಂದಲೇ ಕರೆಂಟ್ ಬರುತ್ತಿತ್ತು. ಇದಕ್ಕೆ ಬರಲ್ಲ. ರೂಟರ್ ಜೊತೆ ಅಡಾಪ್ಟರನ್ನೂ ಯುಪಿಎಸ್‌ಗೆ ಹಾಕಿ.